ಅಲ್ಲಾಡದ ಆಕ್ಸಲ್ ಬೋಲ್ಟಿಗೆ ಅರ್ಜಿ ಗಿರಿಯಪ್ಪನ ಮನವಿ

ಗೆ,
ಶ್ರೀಮಾನ್ ಆಕ್ಸಲ್ ಬೋಲ್ಟ್ ಅವರು,
ಹಿಂದಿನ ಚಕ್ರದ ನಟ್ಟನಡುವೆ,
ಗಿರಿಯಪ್ಪನ ಬೈಕು, ಅಂಗಳದ ತಗಡಿನ ಚಪ್ಪರ,
ಹೊಸನಗರ.

ವಿಷಯ: ಬರುವ ಗುರುವಾರದೊಳಗೆ ತಾವು ತಮ್ಮ ಸ್ಥಾನದಿಂದ ಕೊಂಚ ಕದಲುವ ಕೃಪೆ ತೋರುವ ಕುರಿತು.
ಉಲ್ಲೇಖ: ನಿನ್ನೆ ಭಾನುವಾರ ಸುತ್ತಿಗೆಯ ಮೂಲಕ ತಮ್ಮಲ್ಲಿ ಮಾಡಿಕೊಂಡ ಮನವಿ.

ಮಾನ್ಯರೇ,

ಕುಶಲ ವಿಚಾರಿಸುವ ಮೊದಲೇ ತಮ್ಮ ತಲೆಯ ಮೇಲೆ ಹದಿನೇಳು ಪೆಟ್ಟು ಹಾಕಿದ್ದಕ್ಕೆ ಕ್ಷಮೆ ಕೋರುತ್ತಾ, ಆ ಹದಿನೇಳರಲ್ಲಿ ನಾಲ್ಕು ನನ್ನ ಹೆಬ್ಬೆರಳಿಗೇ ಬಿದ್ದದ್ದನ್ನು ತಾವು ತಕ್ಕ ಪರಿಹಾರವೆಂದು ಸ್ವೀಕರಿಸಿರುವಿರೆಂದು ನಂಬುತ್ತಾ, ಬಟ್ಟೆ ಸುತ್ತಿದ ಬೆರಳಿನಿಂದಲೇ ಈ ಪತ್ರ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೆ ತಾವೂ ಪಾಲುದಾರರು.

ನಾನು ಯಾರೆಂದು ತಮಗೆ ತಿಳಿಯದೇ ಇರಲಾರದು, ಏಕೆಂದರೆ ಇಪ್ಪತ್ತೆರಡು ವರ್ಷಗಳಿಂದ ನಾನು ತಮ್ಮ ಮೇಲೆಯೇ ಕೂತು ಓಡಾಡುತ್ತಿದ್ದೇನೆ. ಆದರೂ ಕ್ರಮ ಬಿಡಬಾರದು. ಹೊಸನಗರದಲ್ಲಿ ಹೊಂಗೆ ಮರದ ಕೆಳಗೆ ಒಂದು ಮೇಜು, ಒಂದು ಕುರ್ಚಿ ಹಾಕಿಕೊಂಡು ಜನರಿಗೆ ಅರ್ಜಿ ಬರೆದುಕೊಡುವುದು ನನ್ನ ಕಸುಬು. ನನ್ನ ಒಕ್ಕಣೆಯ ಬಲದಿಂದ ಮುಳ್ಳುಬೇಲಿ ಹಾಕಿ ಮುಚ್ಚಿದ ದಾರಿಗಳು ತೆರೆದಿವೆ, ಹತ್ತು ವರ್ಷ ಮುಖ ನೋಡದ ಅಣ್ಣತಮ್ಮಂದಿರು ಒಂದೇ ಕಾಗದಕ್ಕೆ ರುಜು ಹಾಕಿದ್ದಾರೆ, ನಿಂತುಹೋದ ಸಂಜೆಯ ಬಸ್ಸು ಮತ್ತೆ ಓಡಿದೆ. ಕಲ್ಲು ಕರಗೀತು, ಗಿರಿಯಪ್ಪನ ಅರ್ಜಿ ಸುಮ್ಮನೆ ಹೋಗದು ಎಂದು ಸುತ್ತಲಿನವರು ಹೇಳುವುದುಂಟು. ಆ ಮಾತನ್ನು ಒಂದು ಗೇಣುದ್ದದ ಕಬ್ಬಿಣದ ಕಡ್ಡಿ ಸುಳ್ಳು ಮಾಡುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಸಂಗತಿ ಇಷ್ಟೇ. ನನ್ನ ಹೆಂಡತಿ ಯಮುನಮ್ಮ ಹೊಲಿಗೆ ಬಲ್ಲವಳು. ಬರುವ ಒಂದನೇ ತಾರೀಖಿನಿಂದ ವಾರದಲ್ಲಿ ಮೂರು ದಿನ ಹುಂಚದಲ್ಲಿ, ಮೂರು ದಿನ ನಗರವೆಂಬ ಊರಿನಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಕೆಲಸ ಅವಳಿಗೆ ಸಿಕ್ಕಿದೆ. ನಲವತ್ತಾರನೇ ವಯಸ್ಸಿನಲ್ಲಿ ಮೊದಲ ಬಾರಿಗೆ ಯಾರೋ ಅವಳನ್ನು "ಟೀಚರ್" ಎಂದು ಕರೆದಿದ್ದಾರೆ. ಷರತ್ತು ಒಂದೇ, ಸ್ವಂತ ವಾಹನ ಓಡಿಸಿಕೊಂಡು ಬರಬೇಕು, ಲೈಸೆನ್ಸ್ ತೋರಿಸಬೇಕು, ಇಲ್ಲದಿದ್ದರೆ ಪಟ್ಟಿಯಲ್ಲಿ ಅವಳ ನಂತರದವರಿಗೆ ಕೆಲಸ. "ಬಸ್ಸು ಹತ್ತೂವರೆಗೆ, ಕ್ಲಾಸು ಹತ್ತಕ್ಕೆ, ನಾನೇನು ಹಾರ್ಕೊಂಡ್ ಹೋಗ್ಲಾ?" ಎಂದು ಕೇಳಿದವಳೇ ಶಾಲೆಯ ಮೈದಾನದಲ್ಲಿ ನನ್ನ ಬೈಕನ್ನೇ ಓಡಿಸಿ ಕಲಿತಳು. ನಾನೇ ದಿನಾ ಕರೆದೊಯ್ದು ಬಿಡುತ್ತೇನಲ್ಲ ಎಂದರೆ ಅವಳು ಹೇಳಿದ ಮಾತು ಇದು: "ಇಷ್ಟ್ ವರ್ಷ ನಿಮ್ ಹಿಂದೆ ಕೂತು ನಿಮ್ ಅಂಗಿ ಕಾಲರ್ ಬಿಟ್ರೆ ಬೇರೆ ಊರೇ ನೋಡಿಲ್ಲ ನಾನು."

ಸಾಗರದಲ್ಲಿ ಗುರುವಾರ ಅವಳಿಗೆ ಪರೀಕ್ಷೆ. ಶನಿವಾರಕ್ಕೆ ಕಲಿಕೆಯ ಲೈಸೆನ್ಸಿನ ಅವಧಿ ಮುಗಿಯುತ್ತದೆ. ಹೀಗಿರುವಾಗ ಹೋದ ವಾರ ಹಿಂದಿನ ಬ್ರೇಕ್ ಹಿಡಿಯದೆ, ಯಮುನಮ್ಮ ಮೈದಾನ ದಾಟಿ ಆಚೆಮನೆಯ ಮಾಸ್ತಪ್ಪನವರ ಹುಲ್ಲಿನ ಬಣವೆಯೊಳಗೆ ಹೋಗಿ ನಿಂತಳು. ಬಣವೆಗೂ ಅವಳಿಗೂ ಏನೂ ಆಗಲಿಲ್ಲ, ಮಾಸ್ತಪ್ಪನವರು ಮಾತ್ರ ಈಗ ನಮ್ಮ ಬೈಕಿನ ಸದ್ದು ಕೇಳಿದರೆ ಎಮ್ಮೆ ಹಿಡಿದುಕೊಂಡು ಹಿತ್ತಲಿಗೆ ಹೋಗುತ್ತಾರೆ. ಬ್ರೇಕ್ ಶೂ ಸವೆದಿದೆ, ಹಾಕಲು ಹೊಸದು ತಂದಿಟ್ಟಿದ್ದೇನೆ. ಅದನ್ನು ಹಾಕಬೇಕಾದರೆ ಚಕ್ರ ಕಳಚಬೇಕು, ಚಕ್ರ ಕಳಚಬೇಕಾದರೆ ಮಹನೀಯರಾದ ತಾವು ಹೊರಗೆ ಬರಬೇಕು. ತಾವೋ, ತುಕ್ಕು ಹಿಡಿದು ಒಳಗೇ ಕಚ್ಚಿಕೊಂಡು ಕೂತಿದ್ದೀರಿ.

ತಮ್ಮನ್ನು ಒಲಿಸಲು ನಾನು ಮಾಡದ ಉಪಚಾರವಿಲ್ಲ. ಸೀಮೆಎಣ್ಣೆಯಲ್ಲಿ ಸ್ನಾನ ಮಾಡಿಸಿದೆ, ತಲೆನೋವಿಗೆಂದು ಇಟ್ಟಿದ್ದ ತೆಂಗಿನೆಣ್ಣೆಯನ್ನೂ ಹಚ್ಚಿದೆ. ಮನೆಯಲ್ಲಿದ್ದ ಸ್ಪ್ಯಾನರ್ ತಮ್ಮ ತಲೆಗೆ ಕೊಂಚ ದೊಡ್ಡದಾಯಿತೆಂದು, ಕಸುಬಿನ ಬುದ್ಧಿ ಎಲ್ಲಿ ಹೋದೀತು, ಹಳೆಯ ಅರ್ಜಿಯೊಂದನ್ನು ನಾಲ್ಕು ಮಡಿಕೆ ಮಾಡಿ ಸಂದಿಗೆ ತುರುಕಿ ತಿರುಗಿಸಿದೆ. ಅರ್ಜಿ ಹರಿಯಿತು, ಸ್ಪ್ಯಾನರ್ ಜಾರಿತು, ತಮ್ಮ ತಲೆಯ ಆರು ಮೂಲೆಗಳು ಸವೆದು ಗುಂಡಗಾದವು. ಅಲ್ಲಿಗೆ ನನ್ನ ಕೈಗೆ ಸಿಗಬೇಕಾದ ಹಿಡಿತವನ್ನು ನಾನೇ ಕಳೆದುಕೊಂಡೆ.

ಕೊನೆಗೆ ಗ್ಯಾರೇಜಿನ ಪುಟ್ಟಪ್ಪ ಬಂದು ನೋಡಿದರು. ಬೀಡಿ ಹಚ್ಚಿ, ತಮ್ಮ ಸುತ್ತ ಎರಡು ಪ್ರದಕ್ಷಿಣೆ ಹಾಕಿ, "ಗಿರಿಯಪ್ಪಣ್ಣ, ಇದು ಬಿಚ್ಚೋ ಬೋಲ್ಟಲ್ಲ, ಕಟ್ ಮಾಡೋ ಬೋಲ್ಟು. ಕಟ್ ಮಾಡಿದ್ರೆ ಹೊಸ್ದು ತೀರ್ಥಹಳ್ಳಿಲೂ ಇಲ್ಲ, ಸಾಗರದಲ್ಲೂ ಇಲ್ಲ, ತರ್ಸಕ್ಕೆ ಹತ್ ದಿನ ಬೇಕು" ಎಂದು ತೀರ್ಪು ಕೊಟ್ಟು, ತುಕ್ಕು ಬಿಡಿಸುವ ಎಣ್ಣೆಯ ಡಬ್ಬಿಯೊಂದನ್ನು ಇಟ್ಟು ಹೋದರು. ಹತ್ತು ದಿನ! ಅಷ್ಟರಲ್ಲಿ ಯಮುನಮ್ಮನ ಲೈಸೆನ್ಸೂ ಹೋಗಿರುತ್ತದೆ, ಕೆಲಸವೂ ಹೋಗಿರುತ್ತದೆ.

ಇಷ್ಟಾದರೂ ತಮ್ಮ ಬಗ್ಗೆ ನನಗಿರುವ ಗೌರವ ಕಡಿಮೆಯಾಗಿಲ್ಲ, ಬದಲಿಗೆ ದಿನೇದಿನೇ ಹೆಚ್ಚುತ್ತಿದೆ. ರಸ್ತೆಗೆ ಹಾಕಿದ ಡಾಂಬರು ಒಂದು ಮಳೆಗಾಲ ನಿಲ್ಲದ, ಮಾತು ಕೊಟ್ಟವರು ಸಂಜೆಯವರೆಗೆ ನಿಲ್ಲದ, ಮದುವೆ ಮನೆಯಲ್ಲಿ ಬಿಟ್ಟ ಚಪ್ಪಲಿ ಕೂಡ ಬಿಟ್ಟಲ್ಲಿ ಇರದ ಈ ಕಾಲದಲ್ಲಿ, ಕೂತ ಜಾಗವನ್ನು ಪ್ರಾಣ ಹೋದರೂ ಬಿಡೆನೆಂಬ ತಮ್ಮ ನಿಷ್ಠೆಯನ್ನು ಕಂಡು ನನ್ನ ಕಣ್ಣು ತುಂಬಿ ಬಂದಿದೆ. ಕಣ್ಣು ತುಂಬಲು ಹೆಬ್ಬೆರಳೂ ಒಂದು ಕಾರಣ. ತಮ್ಮನ್ನು ಯಾವುದಾದರೂ ಸೇತುವೆಗೋ ಅಣೆಕಟ್ಟಿಗೋ ನೇಮಿಸಬೇಕಿತ್ತು, ನನ್ನಂಥವನ ಬೈಕಿನಲ್ಲಿ ತಮ್ಮ ಪ್ರತಿಭೆ ಹಾಳಾಗುತ್ತಿದೆ.

ಆದ್ದರಿಂದ ತಮ್ಮಲ್ಲಿ ಪ್ರಾರ್ಥಿಸುವುದೇನೆಂದರೆ, ತಾವು ಪೂರ್ತಿ ಹೊರಬರಲು ಒಪ್ಪದಿದ್ದರೂ ಮಧ್ಯಂತರ ಪರಿಹಾರವಾಗಿ ಕಾಲು ಸುತ್ತನ್ನಾದರೂ ದಯಪಾಲಿಸಬೇಕು. ಅದೂ ಆಗದಿದ್ದಲ್ಲಿ ದೀರ್ಘ ಸೇವೆಯನ್ನು ಪರಿಗಣಿಸಿ ಸ್ವಯಂ ನಿವೃತ್ತಿ ಪಡೆಯಬೇಕು. ಬೀಳ್ಕೊಡುಗೆಗೆ ಹಾರ, ಶಾಲು ನನ್ನ ಜವಾಬ್ದಾರಿ. ಅದೂ ಬೇಡವೆಂದರೆ ಗುರುವಾರ ಯಮುನಮ್ಮನ ಜೊತೆ ತಾವೇ ಸಾಗರಕ್ಕೆ ಹೋಗಿ, ಬ್ರೇಕ್ ಹಿಡಿಯದಿರುವುದರಲ್ಲಿ ಅವಳ ತಪ್ಪೇನೂ ಇಲ್ಲವೆಂದು ಪರೀಕ್ಷಕರ ಮುಂದೆ ಹೇಳಿಕೆ ಕೊಡಬೇಕು. ಏಕೆಂದರೆ ಮನೆಯಲ್ಲೀಗ ನನ್ನ ಮಾತು ನಡೆಯುತ್ತಿಲ್ಲ. "ಬೋಲ್ಟಿಗೂ ನಿಮಗೂ ಒಳಗಿಂದೊಳಗೆ ಏನೋ ಒಪ್ಪಂದ ಆಗಿದೆ, ನಾನು ಗಾಡಿ ಹತ್ತೋದು ಇಬ್ರಿಗೂ ಬೇಡ" ಎಂದು ಯಮುನಮ್ಮ ನಿನ್ನೆ ಅಂದುಬಿಟ್ಟಳು.

ಇನ್ನು ಕೊನೆಯ ಪ್ಯಾರಾ. ಅರ್ಜಿ ಬರೆಯುವವರಲ್ಲಿ ಒಂದು ಪದ್ಧತಿಯಿದೆ: ಅರ್ಜಿದಾರನ ಸ್ವಂತ ತಪ್ಪೇನಾದರೂ ಇದ್ದರೆ ಅದನ್ನು ಮುಚ್ಚಿಡಬಾರದು, ಆದರೆ ಎಲ್ಲಕ್ಕಿಂತ ಕೆಳಗೆ ಬರೆಯಬೇಕು, ಓದುವವರು ಅಷ್ಟು ದೂರ ಬರುವುದು ಕಡಿಮೆ. ಆ ಪದ್ಧತಿಯಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ಅರ್ಜಿಗಾಗಿ ಕಾಡಂಚಿನ ಜಮೀನುಗಳನ್ನು ನೋಡಲು ಹೋಗುವಾಗ ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳಗಳಿಗೆ ಹೆದರಿ, ಅವಕ್ಕೆ ಮುಟ್ಟಿಸಲೆಂದು ನಾನು ಪ್ರತಿ ಮಳೆಗಾಲ ಒಂದು ಬಟ್ಟೆಗಂಟಿನಲ್ಲಿ ಕಲ್ಲುಪ್ಪು ಕಟ್ಟಿ ಹಿಂದಿನ ಸೀಟಿನ ಕಂಬಿಗೆ ನೇತುಹಾಕುತ್ತಿದ್ದೆ. ಮಳೆಗೆ ಆ ಉಪ್ಪು ಕರಗಿ ತೊಟ್ಟುತೊಟ್ಟಾಗಿ ನೇರ ತಮ್ಮ ತಲೆಯ ಮೇಲೆಯೇ ಬೀಳುತ್ತಿತ್ತೆಂಬುದು ನಿನ್ನೆ ತಮ್ಮ ಸುತ್ತ ಬೆಳ್ಳಗೆ ಕಟ್ಟಿದ ಹಕ್ಕಳೆ ಕಂಡಾಗ ತಿಳಿಯಿತು. ಪುಟ್ಟಪ್ಪ ಬರುವ ಮೊದಲೇ ಹಕ್ಕಳೆ ಒರೆಸಿ, ಗಂಟನ್ನು ಬಿಚ್ಚಿ ಸೌದೆಯ ಹಿಂದೆ ಅಡಗಿಸಿಟ್ಟೆ. ತಮ್ಮನ್ನು ಇಷ್ಟು ವರ್ಷ ಉಪ್ಪಿನಲ್ಲಿ ನೆನೆಸಿಟ್ಟವನು ನಾನೇ. ನಾಚಿಕೆಯಾಗುತ್ತಿದೆ.

ಇಂತಿ, ಅಂಗೈ ಚರ್ಮ ಸುಲಿದರೂ ಭರವಸೆ ಸುಲಿಯದ,
ತಮ್ಮ ವಿಶ್ವಾಸಿ,
ಗಿರಿಯಪ್ಪ

ಮರೆತ ಮಾತು (ಶುಕ್ರವಾರ): ಈ ಪತ್ರವನ್ನು ಸೋಮವಾರ ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋಗಿದ್ದೆ. ಯಮುನಮ್ಮ ನನ್ನ ಜೊತೆ ಬಾಳಿ ಬಾಳಿ ಯಾವ ಕಾಗದವನ್ನೂ ಕೊನೆಯ ಪ್ಯಾರಾದಿಂದ ಓದುವುದು ಕಲಿತಿದ್ದಾಳೆಂಬುದು ನನಗೆ ಗೊತ್ತಿರಲಿಲ್ಲ. "ಉಪ್ಪಾ? ಮೊದ್ಲೇ ಹೇಳಕ್ಕೆ ಬಾಯಿಗೆ ಏನಾಗಿತ್ತು ನಿಮಗೆ!" ಎಂದವಳು ನನ್ನ ಸ್ನಾನದ ಬಿಸಿನೀರನ್ನೇ ಕೊಡದಲ್ಲಿ ತಂದು ತಮ್ಮ ಮೇಲೆ ಸುರಿದು ಉಪ್ಪು ತೊಳೆದಳು, ನೀರು ಆರಿದ ಮೇಲೆ ಪುಟ್ಟಪ್ಪನವರ ಡಬ್ಬಿಯ ಎಣ್ಣೆ ಬಿಟ್ಟಳು. ಎರಡು ದಿನ ಹೀಗೇ ನಡೆಯಿತು. ಬುಧವಾರ ಪುಟ್ಟಪ್ಪ ಬಂದು ತಮ್ಮ ಗುಂಡು ತಲೆಯ ಎರಡು ಬದಿಯನ್ನು ಅರದಿಂದ ಉಜ್ಜಿ ಚಪ್ಪಟೆ ಮಾಡಿ, ಸರಿಯಾಗಿ ಕೂರುವ ಸ್ಪ್ಯಾನರ್ ಹಿಡಿದು, ಅದರ ಹಿಡಿಗೆ ಉದ್ದನೆಯ ಪೈಪು ತೂರಿಸಿ ಬಿಚ್ಚುವ ಕಡೆಗೆ ಎಳೆಯತೊಡಗಿದರೆ, ಯಮುನಮ್ಮ ತಡೆದಳು. "ಹಂಗಲ್ಲ ಪುಟ್ಟಪ್ಪಣ್ಣ, ಮೊದ್ಲು ಅದು ಹಟ ಮಾಡೋ ಕಡಿಗೇ ಒಂಚೂರು ಬಿಗಿ ಮಾಡಿ. ತಾನೇ ಗೆದ್ದೆ ಅಂತ ಅದು ಅಲ್ಲಾಡ್ತದೆ, ಆಗ ಈ ಕಡಿಗೆ ಎಳೀರಿ." ಪುಟ್ಟಪ್ಪ ಹಾಗೆಯೇ ಮಾಡಿದರು, ತಾವು ಕಿರ್ರೆಂದು ಬಂದುಬಿಟ್ಟಿರಿ. ಇದನ್ನು ಎಲ್ಲಿ ಕಲಿತಿರಿ ಅಕ್ಕ ಎಂದು ಪುಟ್ಟಪ್ಪ ಕೇಳಿದ್ದಕ್ಕೆ ಅವಳು ನನ್ನನ್ನು ನೋಡಿದಳು.

ನಿನ್ನೆ ಸಾಗರದಲ್ಲಿ ಅವಳು ಪಾಸಾದಳು. ಹೊಸದು ಬರುವವರೆಗೆ ತಮ್ಮನ್ನೇ ಗ್ರೀಸ್ ಹಚ್ಚಿ ಹಳೆಯ ಜಾಗದಲ್ಲಿ ಕೂರಿಸಲಾಗಿದೆ, ಇನ್ನಾದರೂ ಹದ್ದಿನಲ್ಲಿರಿ. ಉಪ್ಪಿನ ಗಂಟನ್ನು ಯಮುನಮ್ಮ ಸೌದೆಯ ಹಿಂದಿನಿಂದ ಹುಡುಕಿ ತೆಗೆದು, "ಉಂಬಳ ಕಚ್ಚೋದು ಬೈಕಿಗಲ್ಲ, ನಿಮಗೆ" ಎಂದು ನನ್ನ ಅಂಗಿಯ ಜೇಬಿಗೆ ತುರುಕಿದ್ದಾಳೆ. ಸಾಗರದಿಂದ ಹೊಸನಗರದವರೆಗೆ ಗಾಡಿ ಅವಳೇ ಓಡಿಸಿದಳು, ನಾನು ಹಿಂದೆ ಕೂತಿದ್ದೆ. ದಾರಿಯುದ್ದಕ್ಕೂ ನನಗೆ ಕಂಡದ್ದು ಅವಳ ಹೆಲ್ಮೆಟ್ಟಿನ ಹಿಂಬದಿ ಮಾತ್ರ, ಮತ್ತು ಈ ಬಗ್ಗೆ ಯಾರಿಗೆ ಅರ್ಜಿ ಬರೆಯಬೇಕೆಂದು ನನಗೆ ತಿಳಿಯುತ್ತಿಲ್ಲ.