ಅಗ್ಗದ ಕರ್ಕಶಕ್ಕಾಗಿ ನಾಲ್ಕು ತಾಲೂಕು

ಜನ ಇಂಪಾದ ದನಿಯನ್ನು ಹುಡುಕಿಕೊಂಡು ಹೋಗುವುದುಂಟು. ಕರ್ಕಶವನ್ನು ಹುಡುಕಿಕೊಂಡು, ಅದೂ ಕಡಿಮೆ ದರಕ್ಕೆ ಸಿಕ್ಕೀತೇ ಎಂದು ವಿಚಾರಿಸುತ್ತ, ಕೆಂಪು ಬಸ್ಸಿನಲ್ಲಿ ನಿಂತುಕೊಂಡೇ ತಾಲೂಕು ತಾಲೂಕು ತಿರುಗಿದವನು ಸಿಂದಗಿಯ ಶಂಕರೆಪ್ಪನೊಬ್ಬನೇ ಇರಬೇಕು.

ಶಂಕರೆಪ್ಪ ಹಗಲೆಲ್ಲ ಮೊಳೆ, ಹಗ್ಗ, ಬಕೀಟು ಮಾರುವ ಅಂಗಡಿಕಾರ. ಸಂಜೆಯಾದರೆ ‘ನಾದಬ್ರಹ್ಮ ಆರ್ಕೆಸ್ಟ್ರಾ’ದ ಸ್ಥಾಪಕ, ಅಧ್ಯಕ್ಷ ಮತ್ತು ಮುಖ್ಯ ಗಾಯಕ. (ಅಂಗಡಿಯ ಬೋರ್ಡು ಎರಡು ಅಡಿ, ಆರ್ಕೆಸ್ಟ್ರಾದ ಬೋರ್ಡು ಆರು ಅಡಿ.) ಆರ್ಕೆಸ್ಟ್ರಾದಲ್ಲಿ ಅವನೂ ಸೇರಿ ಐದು ಮಂದಿ. ಅವರಲ್ಲಿ ಗಿಟಾರು ಬಾರಿಸುವವನು ಅಗರಖೇಡದ ಕಾಂತು. ಸಿಂದಗಿಯ ಹಿಟ್ಟಿನ ಗಿರಣಿಯಲ್ಲಿ ಕೆಲಸ. ಎಂಟು ವರ್ಷಗಳಲ್ಲಿ ಅವನು ಆಡಿದ ಮಾತನ್ನೆಲ್ಲ ಬರೆದಿಟ್ಟರೆ ಬಸ್ಸಿನ ಟಿಕೀಟಿನ ಹಿಂಭಾಗ ತುಂಬುತ್ತಿರಲಿಲ್ಲ. ಚಹಾ ಬೇಕೇ ಎಂದರೆ ತಲೆ ಮೇಲೆ ಕೆಳಗೆ, ಪಗಾರ ಮುಂದಿನ ತಿಂಗಳು ಎಂದರೂ ತಲೆ ಮೇಲೆ ಕೆಳಗೆ. ಇಂಥ ಕಲಾವಿದರು ಸಿಗುವುದು ಅಪರೂಪವೆಂದು ಶಂಕರೆಪ್ಪ ಎಲ್ಲರೆದುರು ಹೊಗಳುತ್ತಿದ್ದ.

ಹಿಂದಿನ ವರ್ಷ ಬಸವನ ಬಾಗೇವಾಡಿಯ ಕಾಲೇಜೊಂದರ ವಾರ್ಷಿಕೋತ್ಸವದ ಗ್ಯಾದರಿಂಗಿನಲ್ಲಿ ನಾದಬ್ರಹ್ಮದ ಕಾರ್ಯಕ್ರಮವಿತ್ತು. ಮೂರನೆಯ ಹಾಡು ಮುಗಿಯುವ ಹೊತ್ತಿಗೆ ಎದುರಿಗೆ ಉಳಿದವನು ಶಾಮಿಯಾನದವನೊಬ್ಬನೇ. ಕುರ್ಚಿಗಳು ಅವನವಾದ್ದರಿಂದ ಅವನು ಬಿಟ್ಟು ಹೋಗುವಂತಿರಲಿಲ್ಲ. ಆದರೂ ಈ ವರ್ಷ ಮತ್ತೆ ಕರೆ ಬಂತು. ಗ್ಯಾದರಿಂಗಿನ ಹೊಣೆ ಹೊಸದಾಗಿ ಹೊತ್ತಿದ್ದ ರಾವಸಾಬ ಮಾಸ್ತರರಿಗೆ ಇವರಷ್ಟು ಸೋವಿ ದರದಲ್ಲಿ ಬರುವವರು ಬೇರೆ ಯಾರೂ ಸಿಕ್ಕಿರಲಿಲ್ಲ. ಶಂಕರೆಪ್ಪ ಅಂಗಡಿಯ ಮುಂದೆ ಆವೇಶದಿಂದ ಘೋಷಿಸಿಬಿಟ್ಟ:

“ಈ ಸಲ ಹುಡುಗ್ರು ಎದ್ದು ಹ್ವಾದ್ರ ನಾದಬ್ರಹ್ಮದ ಬೋರ್ಡ್ ನಾನ ಕೈಯಾರೆ ಇಳಸ್ತೇನಿ!”

ಹತ್ತು ಮಂದಿ ಕೇಳಿಸಿಕೊಂಡರು. ಮಾತು ಹಿಂದಕ್ಕೆ ಬರುವಂತಿರಲಿಲ್ಲ. ಆ ರಾತ್ರಿಯಿಂದ ಅವನಿಗೆ ನಿದ್ದೆಯೂ ಬರಲಿಲ್ಲ.

ಮರುದಿನ ತುರ್ತುಸಭೆ. ಒಬ್ಬ ಬಣ್ಣದ ಲೈಟು ಬೇಕೆಂದ, ಇನ್ನೊಬ್ಬ ಡ್ಯಾನ್ಸಿನವರನ್ನು ಕರೆಸೋಣವೆಂದ. ಆಗ ಮೂಲೆಯಿಂದ ಒಂದು ಅಪರಿಚಿತ ದನಿ ಕೇಳಿತು. ಎಲ್ಲರೂ ತಿರುಗಿ ನೋಡಿದರು. ಕಾಂತು.

“ಕಾಕಾ, ನನಗೊಂದು ಡಿಸ್ಟಾರ್ಷನ್ ಪೆಡಲ್ ಬೇಕ್ರಿ.”

“ಅದೇನಪಾ ಅದು?”

“ಕಾಲಿಲೆ ಒತ್ತೂದ್ರಿ. ಒತ್ತಿದ್ರ ಗಿಟಾರ್ ಕರ್‍ರ್ ಅಂತೈತ್ರಿ. ಭಾಳ ಅಂದ್ರ ಭಾಳ ಕರಕರಿ ಇರೂದ ಬೇಕ್ರಿ.” ಇಷ್ಟು ಹೇಳಿ ಅವನು ಬೆವರು ಒರೆಸಿಕೊಂಡ.

ಗಿಟಾರಿಗೂ ಆಂಪ್ಲಿಫಾಯರಿಗೂ ನಡುವೆ ಕೂಡ್ರುವ ಅಂಗೈಯಗಲದ ಡಬ್ಬಿ ಅದು. ಜೇನಿನಂತೆ ಒಳಹೊಕ್ಕ ದನಿ ಗರಗಸವಾಗಿ ಹೊರಬೀಳುತ್ತದೆ. ಹುಡುಗರಿಗೆ ಈಗ ಇಂಥದೇ ಹುಚ್ಚು ಎಂದು ಉಳಿದವರೂ ತಲೆಯಾಡಿಸಿದರು. ಗಿರಣಿಯ ಸದ್ದು ಇವನ ತಲೆಗೇರಿದೆ ಎಂದು ಶಂಕರೆಪ್ಪ ಮನಸ್ಸಿನಲ್ಲೇ ನಿರ್ಣಯಿಸಿದ. ಆದರೆ ಎಂಟು ವರ್ಷಕ್ಕೊಮ್ಮೆ ಬಾಯಿಬಿಟ್ಟವನಿಗೆ ಇಲ್ಲವೆನ್ನುವುದು ಹೇಗೆ?

ಹೆಂಡತಿ ಸುಮಿತ್ರಾಬಾಯಿಗೆ ಹೇಗೆ ಹೇಳಬೇಕೆಂಬುದೇ ದೊಡ್ಡ ಚಿಂತೆಯಾಗಿತ್ತು. ಹಾರ್ಮೋನಿಯಂ ರಿಪೇರಿಗೆ ಆಕೆ ಎರಡು ವರ್ಷ ಮಂಜೂರಾತಿ ಕೊಟ್ಟಿರಲಿಲ್ಲ. ಊಟಕ್ಕೆ ಕೂತಾಗ ಮೆಲ್ಲಗೆ ವಿಷಯ ತೆಗೆದ.

“ಚಲೋ ಇದ್ದ ದನೀನ ರೊಕ್ಕಾ ಕೊಟ್ಟು ಕೆಡಿಸಿಕೊಳ್ಳೂದಂತ. ಎಂಥಾ ಕಾಲ ಬಂತ ನೋಡು.”

“ಕೊಡಸ್ರಿ ಮತ್ತ. ಪಾಪ, ಕಾಂತು ಎಂದೂ ಬಾಯಿಬಿಟ್ಟು ಕೇಳಿದಾಂವ ಅಲ್ಲ,” ಎಂದು ಸುಮಿತ್ರಾಬಾಯಿ ಇನ್ನೊಂದು ರೊಟ್ಟಿ ಹಾಕಿದಳು.

ಕಡೆಗೂ ಇವಳಿಗೆ ಕಲೆಯ ಬೆಲೆ ತಿಳಿಯಿತಲ್ಲ ಎಂದು ಶಂಕರೆಪ್ಪನ ಕಣ್ಣು ಒದ್ದೆಯಾದವು. (ರೊಟ್ಟಿಯ ಜೊತೆಗಿನ ಮೆಣಸಿನಕಾಯಿ ಹಿಂಡಿಯ ಖಾರವೂ ಸ್ವಲ್ಪ ಇತ್ತು.)

ಮೊದಲು ವಿಜಾಪುರದ ವಾದ್ಯದಂಗಡಿ. ಗಾಜಿನ ಕಪಾಟಿನಿಂದ ಅಂಗಡಿಯವನು ಕೆಂಪು ಡಬ್ಬಿಯೊಂದನ್ನು ಕೂಸಿನಂತೆ ಎತ್ತಿ ತಂದ.

“ನಾಲ್ಕು ಸಾವಿರದ ಎಂಟನೂರು, ಸರ್.”

“ಏನ್ರೀ ಇದು! ಚಲೋ ಮಾಡೂದಕ್ಕ ಇಷ್ಟ ತಗೊಂಡ್ರ ಒಂದು ಮಾತು. ಕೆಡಸೂದಕ್ಕೂ ಇಷ್ಟೇನ್ರಿ?”

“ಹಂಗ ಕೆಡಸಾಕ ಯಾರಿಗೂ ಬರೂದಿಲ್ಲ ಸರ್. ಫಾರಿನ್ನಿಂದು.”

ಶಂಕರೆಪ್ಪ ಅಭ್ಯಾಸಬಲದಿಂದ ಒಂದು ಡಜನ್ ತಗೊಂಡರೆ ಎಷ್ಟು ಬಿಡುತ್ತೀರಿ ಎಂದು ಕೇಳಿದ. ಅಂಗಡಿಯವನು ಡಬ್ಬಿಯನ್ನು ಮತ್ತೆ ಕಪಾಟಿನಲ್ಲಿ ಮಲಗಿಸಿದ.

ಆಮೇಲೆ ಮುದ್ದೇಬಿಹಾಳ. ಅಲ್ಲಿ ಮುಚ್ಚಿಹೋದ ಬ್ಯಾಂಡ್ ಕಂಪನಿಯ ಸಾಮಾನು ಮಾರಾಟಕ್ಕಿದೆಯೆಂಬ ಸುದ್ದಿ ಬಂದಿತ್ತು. ಬಿಸಿಲಲ್ಲಿ ಎರಡು ಬಸ್ಸು ಬದಲಿಸಿ, ತೂತುಬಿದ್ದ ಡ್ರಮ್ಮುಗಳ ಅಡಿಯಿಂದ ಹಳೆಯ ಪೆಡಲೊಂದನ್ನು ಹೆಕ್ಕಿ, ಮುನ್ನೂರು ರೂಪಾಯಿ ಕೊಟ್ಟು ತಂದ. ಕಾಂತು ಅದನ್ನು ಜೋಡಿಸಿ ಒತ್ತಿದ. ಗಡಿಗೆಯಲ್ಲಿ ಸಿಕ್ಕಿಬಿದ್ದ ದುಂಬಿಯಂತೆ ಗಿಟಾರು ಗುಂಯ್ ಎಂದಿತು. ಕಾಂತು ಶಂಕರೆಪ್ಪನ ಮುಖವನ್ನೊಮ್ಮೆ, ಪೆಡಲನ್ನೊಮ್ಮೆ ನೋಡಿದ.

“ಸಾಲೂದಿಲ್ರಿ.”

“ಇನ್ನೂ ಕೆಟ್ಟದ್ದು ಬೇಕೇನೋ?”

ತಲೆ ಮೇಲೆ ಕೆಳಗೆ.

ಗ್ಯಾದರಿಂಗಿಗೆ ನಾಲ್ಕೇ ದಿನ ಉಳಿದಿದ್ದಾಗ ಶಂಕರೆಪ್ಪ ಕಾಂತುವನ್ನೂ ಆಂಪ್ಲಿಫಾಯರನ್ನೂ ಕರೆದುಕೊಂಡು ಇಂಡಿಗೆ ಹೋದ. ಬಸ್‌ಸ್ಟ್ಯಾಂಡಿನ ಹಿಂದೆ ಮೋದಿನಸಾಬನ ರೇಡಿಯೋ ರಿಪೇರಿ ಅಂಗಡಿ. ಬೇಡಿಕೆಯನ್ನು ಕೇಳಿದ ಮೋದಿನಸಾಬ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

“ಶಂಕ್ರೆಪ್ಪಣ್ಣಾ, ಮೂವತ್ತು ವರ್ಷ ಆತು, ಮಂದಿ ನನ್ನ ಕಡೆ ಕರಕರಿ ತಗಸಾಕ ಬರ್ತಾರ. ನೀವು ಹಾಕಸಾಕ ಬಂದೀರಿ. ನನ್ನ ಕೆಲಸದ ಮ್ಯಾಲ ಚ್ಯಾಷ್ಟಿ ಮಾಡಾಕತ್ತೀರೇನು?”

“ಇಲ್ಲೋ ಮಾರಾಯಾ, ಖರೇನ ಬೇಕಾಗೈತಿ.”

“ನಮ್ಮ ಉಸ್ತಾದ್ರು ಕೆಡಸೂದು ಕಲಿಸಿಲ್ರಿ,” ಎಂದು ಗೊಣಗುತ್ತಲೇ ಮೋದಿನಸಾಬ ಸತ್ತ ರೇಡಿಯೋಗಳ ಹೊಟ್ಟೆಯಿಂದ ಬಿಡಿಭಾಗಗಳನ್ನು ಕಿತ್ತು ಬೆಸೆಯತೊಡಗಿದ. ಒತ್ತಲು ಟೇಬಲ್ ಫ್ಯಾನಿನ ಗುಂಡಿ, ಹೆಚ್ಚು ಕಡಿಮೆ ಮಾಡಲು ರೇಡಿಯೋದ ತಿರುಪು. ಎಲ್ಲವನ್ನೂ ಒಂದು ಬಿಸ್ಕೀಟಿನ ತಗಡಿನ ಡಬ್ಬಿಯಲ್ಲಿ ಕೂಡ್ರಿಸಿದ. ಮಧ್ಯಾಹ್ನದ ಹೊತ್ತಿಗೆ ಗಿಟಾರಿಗೆ ಜೋಡಿಸಿದಾಗ ಹೊರಟ ಸದ್ದಿಗೆ ಎದುರಿನ ಚಹಾದಂಗಡಿಯವನು ಎದ್ದು ನಿಂತ. ಕಲ್ಲು ಒಡೆಯುವ ಮಷೀನಿಗೆ ಜ್ವರ ಬಂದ ಹಾಗಿತ್ತು.

“ಇಷ್ಟ ಸಾಕೇನಪಾ, ಇನ್ನೂ ಕೆಡಸ್ಲೋ?” ಎಂದ ಮೋದಿನಸಾಬ.

ಕಾಂತು ತಿರುಪಿನ ಮೇಲೆ ಕೈಯಿಟ್ಟ. ಆಮೇಲೆ ಹೇಳಿದ: “ಕಾಕಾ, ನೀವೊಂದು ಹಾಡು ಹಾಡ್ರಿ. ಏರು ದನಿಯಾಗ.”

ಶಂಕರೆಪ್ಪ ಪುಳಕಿತನಾದ. ತನ್ನ ಕಂಠಕ್ಕೆ ತಕ್ಕಂತೆ ವಾದ್ಯವನ್ನು ಹದಗೊಳಿಸುವ ಇಂಥ ಶಿಷ್ಯ ಯಾರಿಗೆ ಸಿಗುತ್ತಾನೆ! ಕಣ್ಣು ಮುಚ್ಚಿ, ಒಂದು ಕೈ ಆಕಾಶಕ್ಕೆ ಚಾಚಿ, ತಾರಸ್ಥಾಯಿಗೆ ಏರಿದ. ಅವನು ಏರಿದಷ್ಟೂ ಕಾಂತು ತಿರುಪು ತಿರುವಿದ. ಕೊನೆಗೊಂದು ಕಡೆ ನಿಲ್ಲಿಸಿ, “ಹ್ಞಾಂ. ಇಷ್ಟ ಸಾಕ್ರಿ,” ಎಂದ.

ಮೋದಿನಸಾಬ ಇಬ್ಬರನ್ನೂ ನೋಡಿದ. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದ. ಇನ್ನೂರೈವತ್ತು ಹೇಳಿದ್ದವನು ಇನ್ನೂರೇ ತಗೊಂಡು, “ಪುಣ್ಯದ ಕೆಲಸ ಐತಿ, ಇರ್ಲಿ,” ಎಂದ.

ಬಾಗೇವಾಡಿಯ ಗ್ಯಾದರಿಂಗು ಮಧ್ಯಾಹ್ನ ಮೂರಕ್ಕೆ ಶುರುವಾಯಿತು. ಶಂಕರೆಪ್ಪನ ಕಣ್ಣು ಹಾಡಿನ ಪುಸ್ತಕದ ಮೇಲಿರಲಿಲ್ಲ, ಕುರ್ಚಿಗಳ ಮೇಲಿತ್ತು. ಮೂರನೆಯ ಹಾಡು. ಏರುದನಿಯ ಜಾಗ ಬಂತು. ಅವನು ಬಾಯಿ ತೆರೆದದ್ದೇ ತಡ, ಕಾಂತುವಿನ ಕಾಲು ಡಬ್ಬಿಯ ಮೇಲೆ ಬಿತ್ತು. ಗರ್‍ರ್! ಹುಡುಗರೆಲ್ಲ ಎದ್ದರು. ಶಂಕರೆಪ್ಪನ ಜೀವವೂ ಎದ್ದಿತು. ಆದರೆ ಅವರು ಹೋಗಲಿಲ್ಲ, ಕುರ್ಚಿಯ ಮೇಲೆ ಹತ್ತಿ ಕುಣಿಯತೊಡಗಿದರು! ಹದಿನಾಲ್ಕು ಹಾಡು, ಹದಿನಾಲ್ಕು ಸಲ ‘ಒನ್ಸ್ ಮೋರ್’. ಬೋರ್ಡು ಉಳಿಯಿತು.

ಕಾರ್ಯಕ್ರಮ ಮುಗಿದ ಮೇಲೆ ರಾವಸಾಬ ಮಾಸ್ತರರು ಹಾರ ಹಿಡಿದುಕೊಂಡು ಬಂದು ಅದನ್ನು ಕಾಂತುವಿನ ಕೊರಳಿಗೆ ಹಾಕಿದರು. ಶಂಕರೆಪ್ಪನ ಕೈಯನ್ನು ಸಡಗರದಿಂದ ಕುಲುಕಿದರು.

“ಭಾರಿ ಆತ್ರಿ! ಹೋದ ವರ್ಷ ಯಾರೋ ಒಬ್ಬಾಂವ ಹಾಡಿದ್ನಂತಲ್ರಿ, ಹುಡುಗ್ರು ಇನ್ನೂ ಹೇಳ್ತಾರ. ಅವನ್ನ ಬಿಟ್ಟು ಬಂದ್ರಲ್ಲ, ಚಲೋ ಮಾಡಿದ್ರಿ. ಬರೂ ವರ್ಷಾನೂ ಹಿಂಗ ಬರ್ರಿ.”

ಶಂಕರೆಪ್ಪನ ಕೈ ಅವರ ಕೈಯಲ್ಲೇ ಉಳಿಯಿತು.

ಬಾಡಿಗೆ ಟ್ರ್ಯಾಕ್ಸಿನಲ್ಲಿ ಹಿಂದಿರುಗುವಾಗ ಶಂಕರೆಪ್ಪ ಕಾಂತುವಿನ ಪಕ್ಕದಲ್ಲಿ ಕೂತ. ದಣಿದ ದನಿಯಲ್ಲಿ ಕೇಳಿದ:

“ಕಾಂತೂ, ಖರೇ ಹೇಳು. ನಾ ಏರು ದನಿ ಹಚ್ಚಿದಾಗೆಲ್ಲಾ ನೀ ಅದನ್ನ ಒತ್ತಿದಿ. ಹೌದಲ್ಲೊ?”

ಕಾಂತು ಕೊರಳಿನ ಹಾರ ತೆಗೆದು ಶಂಕರೆಪ್ಪನ ತೊಡೆಯ ಮೇಲಿಟ್ಟ.

“ಹಿರ್‍ಯಾರು ನೀವು. ಹೆಂಗ ಹೇಳೂದ್ರಿ ಕಾಕಾ? ಬೋರ್ಡ್ ಇಳಸ್ತೇನಿ ಅಂದ್ರಿ, ನಮ್ಗೆಲ್ಲಾ ಸಂಕಟ ಆತು. ಆಗ ಕಾಕೂ ದಾರಿ ಹೇಳಿಕೊಟ್ರು.”

“ಯಾವ ಕಾಕೂ?”

“ನಮ್ಮ ಸುಮಿತ್ರಾ ಕಾಕೂರಿ. ನೀವು ಮುಂಜಾನಿ ರಿಯಾಜಿಗೆ ಕುಂತು ಏರು ದನಿ ಹಚ್ಚಿದ ಕೂಡಲೇ ಅವ್ರು ಮಿಕ್ಸರ್ ಹಚ್ತಾರಂತಲ್ರಿ. ಹನ್ನೆರಡು ವರ್ಷ ಆತಂತ. ಮನಿ ಶಾಂತ ಐತಿ ಅಂದ್ರು.”

ಶಂಕರೆಪ್ಪ ಯೋಚಿಸಿದ. ಹನ್ನೆರಡು ವರ್ಷಗಳಿಂದ ಮನೆಯಲ್ಲಿ ಒಂದು ದಿನವೂ ಚಟ್ನಿ ತಪ್ಪಿರಲಿಲ್ಲ.

ಮನೆಗೆ ಬಂದವನು ಹೆಂಡತಿಗೆ ಏನೂ ಅನ್ನಲಿಲ್ಲ. ಜಗಳಕ್ಕೆ ಬೇಕಾದ ಏರುದನಿಯ ಮೇಲೇ ಅವನಿಗೆ ನಂಬಿಕೆ ಹೋಗಿತ್ತು. ಆದರೂ ಬೆಳಗಾದಾಗ ಹಾರ್ಮೋನಿಯಮ್ಮಿನ ಮುಂದೆ ಕೂತ. ಕೆಳಗಿನ ಸ್ವರಗಳೆಲ್ಲ ಮುಗಿದವು. ಏರುವ ಜಾಗಕ್ಕೆ ಬಂದವನು ಬಾಯಿ ತೆರೆದು, ಹಾಗೇ ನಿಂತ. ಅಡುಗೆಮನೆಯಿಂದ ಸದ್ದಿಲ್ಲ.

“ಯಾಕ ನಿಂತ್ರಿ?” ಸುಮಿತ್ರಾಬಾಯಿಯ ದನಿ.

“ನೀ ಮಿಕ್ಸರ್ ಹಚ್ಚು ಮತ್ತ. ನಾ ಶುರು ಮಾಡ್ತೇನಿ.”

ಎಲ್ಲ ತಿಳಿದುಹೋಗಿದೆಯೆಂದು ಆಕೆಗೂ ಗೊತ್ತಾಯಿತು. ಆಕೆ ಬಾಗಿಲಿಗೆ ಬಂದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ, ಬಹಳ ಮೆತ್ತಗೆ ಹೇಳಿದಳು:

“ಇವತ್ತ ಕರೆಂಟ್ ಇಲ್ರಿ.”

ಶಂಕರೆಪ್ಪ ಹಾರ್ಮೋನಿಯಮ್ಮಿನ ಬಾಯಿ ಮುಚ್ಚಿ, ಅಂಗಡಿಯ ಕೀಲಿಕೈ ತಗೊಂಡು ಎದ್ದ.