ಹನ್ನೆರಡು ಕುರಿ, ಒಂದು ಬಾಣಲೆ

ಗಿರಾಕಿ ಮೆಟ್ಟಿಲು ಹತ್ತುವಷ್ಟರಲ್ಲೇ ಅವರು ಏನು ಕೊಳ್ಳುತ್ತಾರೆ, ಎಷ್ಟು ಚೌಕಾಸಿ ಮಾಡುತ್ತಾರೆ, ಯಾವ ಘಳಿಗೆಯಲ್ಲಿ ಮುನಿಸಿಕೊಂಡು ಹೊರಟಂತೆ ನಟಿಸುತ್ತಾರೆ ಎಂದು ಹೇಳಬಲ್ಲವನು ನಾನು. ಬನ್ನಿಮಂಟಪದಲ್ಲಿ ಮೂವತ್ತು ವರ್ಷದಿಂದ ಫ್ಯಾನ್ಸಿ ಸ್ಟೋರ್ ಇಟ್ಟಿರುವ ಯೋಗೇಂದ್ರನ ಕಣ್ಣೆಂದರೆ ತಕ್ಕಡಿ! ಆ ತಕ್ಕಡಿ ಕೈಕೊಟ್ಟದ್ದು ಒಬ್ಬರೇ ಒಬ್ಬರ ಮುಂದೆ. ಅವರು ಸಿದ್ಧಾರ್ಥನಗರದಲ್ಲಿ ನಮ್ಮ ಪಕ್ಕದ ಮನೆಯ ಇನ್ನಾಸಮ್ಮನವರು.

ಅಳೆದು ನೋಡಿದರೆ ಅಲ್ಲಿ ಏನಿದೆ? ಎಪ್ಪತ್ತರ ಆಸುಪಾಸಿನ ವಯಸ್ಸು, ಸವೆದ ಹವಾಯಿ ಚಪ್ಪಲಿ, ಕೈಯಲ್ಲಿ ವೈರ್ ಬ್ಯಾಗು, ಸಂಧಿವಾತಕ್ಕೆ ಗಂಟುಗಂಟಾದ ಬೆರಳುಗಳು. ನನ್ನ ಅಂದಾಜು: ಒಂದು ಡಜನ್ ಪಿನ್ನು, ಹೆಚ್ಚೆಂದರೆ ಒಂದು ಉಂಡೆ ದಾರ. ಅದೂ ಇಲ್ಲ. ಡಿಸೆಂಬರ್ ಬಂತೆಂದರೆ ಅಂಗಡಿಗೆ ಬರುತ್ತಾರೆ, ನಾನು ಸಾಲಾಗಿ ತೂಗುಹಾಕಿದ ಮಿನುಗು ನಕ್ಷತ್ರಗಳ ಕಡೆ ಕಣ್ಣೆತ್ತಿಯೂ ನೋಡದೆ ಹಿಂದಿನ ಕಸದ ಮೂಲೆಗೆ ನಡೆಯುತ್ತಾರೆ. ಹರಿದ ಗೋಣಿಚೀಲ, ಖಾಲಿ ರಟ್ಟಿನ ಪೆಟ್ಟಿಗೆ, ಹಳೇ ಪೇಪರು ಆರಿಸಿ ಬ್ಯಾಗಿಗೆ ತುಂಬಿಕೊಂಡು, “ಬತ್ತೀನಿ ಯೋಗಣ್ಣ” ಎಂದು ಹೊರಟುಬಿಡುತ್ತಾರೆ.

ಆಮೇಲೆ ಅವರ ಮನೆಯ ಹಜಾರದಲ್ಲಿ ಗೋದಲಿ ಎದ್ದು ನಿಲ್ಲುತ್ತದೆ. ಬಾಲಯೇಸು ಹುಟ್ಟಿದ ದನದ ಕೊಟ್ಟಿಗೆ ಮತ್ತು ಅದರ ಸುತ್ತ ಒಂದು ಇಡೀ ಊರು. ಗಂಜಿಯಲ್ಲಿ ಅದ್ದಿದ ನನ್ನ ಗೋಣಿಚೀಲ ಬೆಟ್ಟವಾಗಿರುತ್ತದೆ. ಟೀಪುಡಿ ಪೊಟ್ಟಣದ ಬೆಳ್ಳಿಹಾಳೆ ಹೊಳೆಯಾಗಿ ಹರಿಯುತ್ತದೆ. ತಟ್ಟೆಯಲ್ಲಿ ಬಿತ್ತಿದ ರಾಗಿ ಬೆರಳುದ್ದದ ಪೈರಾಗಿ ಗದ್ದೆಯಂತೆ ನಿಂತಿರುತ್ತದೆ. ನಾನು ಕಸವೆಂದು ಎಸೆದದ್ದೆಲ್ಲ ಅವರ ಮನೆಯಲ್ಲಿ ಬೆತ್ಲೆಹೇಮ್! ಪ್ರತಿ ವರ್ಷ ನಾನು ಅದರ ಮುಂದೆ ಬಾಯಿ ತೆರೆದುಕೊಂಡು ನಿಲ್ಲುತ್ತೇನೆ. ನನ್ನ ಹೆಂಡತಿ ತೇಜಸ್ವಿನಿ ಆ ಬಾಯಿ ಮುಚ್ಚಿಸಿ ಮನೆಗೆ ಕರೆತರುತ್ತಾಳೆ.

ಹೋದ ವರ್ಷ ಇನ್ನಾಸಮ್ಮನವರಿಗೆ ಒಂದು ತೊಂದರೆಯಾಯಿತು. ಅವರ ಮನೆಯ ಆಚೆ ಬದಿಗೆ ಎದ್ದ ಮೂರಂತಸ್ತಿನ ಕಟ್ಟಡ ಅವರ ಬಿಸಿಲನ್ನೆಲ್ಲ ನುಂಗಿಹಾಕಿತ್ತು. ಗೋದಲಿಗೆ ಬೇಕಾದ ಹನ್ನೆರಡು ಕುರಿಗಳನ್ನು ಒಣಗಿಸಲು ನಮ್ಮ ತಾರಸಿ ಕೇಳಿದರು. ಹಳೇ ಪೇಪರನ್ನು ನೆನೆಸಿದ ಮೆಂತ್ಯದ ಜೊತೆ ರುಬ್ಬಿ, ಆ ಹಿಟ್ಟಿನಲ್ಲಿ ಕುರಿ ತಿದ್ದುತ್ತಾರೆ. ಆ ಬೆರಳುಗಳಿಗೆ ದಿನಕ್ಕೆ ಒಂದೇ ಕುರಿ ಸಾಧ್ಯ. ಹನ್ನೆರಡು ಕುರಿಗೆ ಹನ್ನೆರಡು ದಿನ ಹಿಡಿದಿತ್ತು. ಆ ಭಾನುವಾರ ಸಂಜೆ ಆರಕ್ಕೆ ಚರ್ಚಿನಿಂದ ಕ್ರಿಸ್ಮಸ್ ಕ್ಯಾರಲ್ ಹಾಡುವವರು ಬರುವಷ್ಟರಲ್ಲಿ ಗೋದಲಿ ಸಿದ್ಧವಿರಬೇಕು. ನಲವತ್ತು ವರ್ಷದಲ್ಲಿ ಒಮ್ಮೆಯೂ ಅದು ತಪ್ಪಿರಲಿಲ್ಲ.

ನಾನು ಎದೆಯುಬ್ಬಿಸಿದೆ. ತಾರಸಿಯ ಸಂಪೂರ್ಣ ಹೊಣೆ ನನ್ನದು, ಮೂವತ್ತು ವರ್ಷದಲ್ಲಿ ನನ್ನ ಗೋಡೌನಿನಲ್ಲಿ ಒಂದು ಗಾಜಿನ ಬಳೆ ಒಡೆದಿಲ್ಲ, ಒಂದು ಸಾಮಾನು ಇನ್ನೊಂದರ ಜೊತೆ ಬೆರೆತಿಲ್ಲ ಎಂದು ಘೋಷಿಸಿದೆ.

“ಅವರು ಕೇಳಿದ್ದು ಬಿಸಿಲು ಕಣ್ರೀ, ಭಾಷಣ ಅಲ್ಲ,” ಎಂದಳು ತೇಜಸ್ವಿನಿ.

ಶುಕ್ರವಾರ ಮಧ್ಯಾಹ್ನ ಇದ್ದಕ್ಕಿದ್ದಂತೆ ಮೋಡ ಕವಿದು ತುಂತುರು ಶುರುವಾಯಿತು. ತೇಜಸ್ವಿನಿ ತರಕಾರಿಗೆ ಹೋಗಿದ್ದಳು. ನಾನು ಎರಡೆರಡು ಮೆಟ್ಟಿಲು ಹಾರಿ ತಾರಸಿಗೆ ಓಡಿದೆ. ಅಲ್ಲಿ ಎರಡು ಪ್ಲಾಸ್ಟಿಕ್ ಹಾಳೆ, ಎರಡರ ಮೇಲೂ ಮಾಸಲು ಬಿಳಿಯ, ಉಬ್ಬುತಗ್ಗಿನ ಪುಟ್ಟ ಪುಟ್ಟ ಮುದ್ದೆಗಳು. ತಕ್ಕಡಿ ಕ್ಷಣದಲ್ಲಿ ತೂಗಿತು: ನನ್ನವಳ ಅರಳು ಸಂಡಿಗೆ! ಕುರಿಗಳಿಗಾಗಿ ಸುತ್ತ ಹುಡುಕಿದೆ. ನಾಲ್ಕು ಕಾಲಿನ ಯಾವ ವಸ್ತುವೂ ಕಾಣಲಿಲ್ಲ. ಇನ್ನಾಸಮ್ಮನವರು ಆಗಲೇ ತೆಗೆದುಕೊಂಡು ಹೋಗಿರಬೇಕು ಅಂದುಕೊಂಡೆ. ಎರಡೂ ಹಾಳೆಯದನ್ನು ಒಂದೇ ಡಬ್ಬಕ್ಕೆ ಸುರಿದೆ, ಮುಚ್ಚಳ ಕೂರಲೆಂದು ಅಂಗೈಯಿಂದ ಒತ್ತಿದೆ, ಮೇಲೆ ಚೀಟಿ ಅಂಟಿಸಿ ಕೆಂಪು ಶಾಯಿಯಲ್ಲಿ “ಅರಳು ಸಂಡಿಗೆ” ಎಂದು ಬರೆದೆ.

ಸಂಜೆ ಕಾಂಪೌಂಡಿನ ಆಚೆಯಿಂದ ಇನ್ನಾಸಮ್ಮನವರು, ಮಳೆ ಬಂತಲ್ಲ, ಎಲ್ಲ ಎತ್ತಿಟ್ಟಿರಾ ಎಂದು ಕೇಳಿದರು. ಒಂದೂ ನೆನೆದಿಲ್ಲ, ಡಬ್ಬದಲ್ಲಿ ಭದ್ರವಾಗಿವೆ ಎಂದೆ.

“ಅಲ್ಲೇ ಇರ್ಲಿ ಬುಡಿ, ಬೆಚ್ಚಗಿರ್ತವೆ.”

ನಮ್ಮ ಮನೆ ಸಂಡಿಗೆಯ ಮೇಲೂ ಈ ತಾಯಿಗೆ ಎಂಥ ಅಕ್ಕರೆ ಎಂದು ನನಗೆ ಕಣ್ಣು ತುಂಬಿಬಂತು.

ಭಾನುವಾರ ಊಟಕ್ಕೆ ನನ್ನ ಷಡ್ಡಕ ಸಿದ್ದಮಲ್ಲಪ್ಪ ಬಂದಿದ್ದ. ಕೇಕಿನಲ್ಲಿ ಮೊಟ್ಟೆಯಿಲ್ಲವೆಂದು ಮೂರು ಸಲ ಕೇಳಿ ಖಾತ್ರಿ ಮಾಡಿಕೊಳ್ಳುವ ಕಟ್ಟಾ ಸಸ್ಯಾಹಾರಿ. ತೇಜಸ್ವಿನಿ ಡಬ್ಬ ತೆರೆದು ಬಾಣಲೆ ಇಟ್ಟಳು. ಮೊದಲಿನ ಹಿಡಿಗಳು ಮಲ್ಲಿಗೆಯಂತೆ ಅರಳಿದವು. ಕಡೆಯ ಹಿಡಿ ಮುಳುಗಿತು, ಎಣ್ಣೆ ಕುಡಿಯಿತು, ಕಪ್ಪಾಯಿತು. ಅರಳು ಯಾಕೋ ಅರಳುತ್ತಿಲ್ಲ ಎಂದು ಅಡುಗೆಮನೆಯಿಂದ ದೂರು ಬಂತು. ಕರಿದದ್ದನ್ನು ಎಸೆಯಬಾರದೆಂದು ನಾನೇ ತಂದು ಬಡಿಸಿದೆ.

ಸಿದ್ದಮಲ್ಲಪ್ಪ ಬಹಳ ಹೊತ್ತು ಅಗಿದ. ಮೆಂತ್ಯ ಹಾಕಿದ್ದು ಒಳ್ಳೆಯದಾಯಿತು, ನಾರಿನಂಶವೂ ಧಾರಾಳವಾಗಿದೆ ಎಂದು ಮೆಚ್ಚಿ ಇನ್ನೊಂದು ಹಾಕಿಸಿಕೊಂಡ. ಆಮೇಲೆ ಹಲ್ಲಿನ ಸಂದಿಯಿಂದ ಏನನ್ನೋ ಎಳೆದು, ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದ.

“ಯೋಗಿ, ಇದ್ರ ಮೇಲೆ ‘ನಿಧನ’ ಅಂತ ಅಚ್ಚಾಗಿದೆಯಲ್ಲೋ.”

ತೇಜಸ್ವಿನಿ ಡಬ್ಬ ತಂದು ತಟ್ಟೆಗೆ ಬೋರಲು ಹಾಕಿದಳು. ತಳದಲ್ಲಿದ್ದವು ನನ್ನ ಅಂಗೈಯ ಒತ್ತಡಕ್ಕೆ ಪುಡಿಪುಡಿಯಾಗಿದ್ದವು. ಅವಳು ಮೂಸಿ ನೋಡಿ ನನ್ನ ಕಡೆ ತಿರುಗಿದಳು.

“ರೀ, ಇನ್ನಾಸಮ್ಮನೋರ ಕುರಿ ಎಲ್ಲಿ?”

“ಅವರೇ ತಗೊಂಡು ಹೋದ್ರಲ್ಲ. ಕಾಲಿರೋ ಕುರಿ ಒಂದೂ ಇರ್ಲಿಲ್ಲ.”

“ಕಾಲು ಆಮೇಲೆ ಅಂಟಿಸ್ತಾರೆ ಕಣ್ರೀ. ಬೆಂಕಿಕಡ್ಡೀಲಿ.”

ತೇಜಸ್ವಿನಿ ಎಣಿಸಿದಳು. ಏಳು ಎಣ್ಣೆಗೆ ಬಿದ್ದಿದ್ದವು, ಐದು ಪುಡಿಯಾಗಿದ್ದವು. ಕಟ್ಟಾ ಸಸ್ಯಾಹಾರಿ ಸಿದ್ದಮಲ್ಲಪ್ಪ ಎರಡು ಕುರಿ ತಿಂದಿದ್ದ. ನಾನು ಒಂದೂವರೆ.

ಗಂಟೆ ಮೂರು. ನಾನು ಸ್ಕೂಟರಿನಲ್ಲಿ ಅಂಗಡಿಗೆ ಹಾರಿ, ಇದ್ದುದರಲ್ಲಿ ಉತ್ತಮವಾದ ಒಂದು ಡಜನ್ ಪ್ಲಾಸ್ಟಿಕ್ ಕುರಿ ತಂದು, ಇನ್ನಾಸಮ್ಮನವರ ಮುಂದಿಟ್ಟು, ತಲೆ ತಗ್ಗಿಸಿ ಎಲ್ಲವನ್ನೂ ಒಪ್ಪಿಕೊಂಡೆ. ಅವರು ತಮ್ಮ ಬೆರಳುಗಳನ್ನೊಮ್ಮೆ ನೋಡಿಕೊಂಡರು. ಅದನ್ನು ನೋಡುವುದಕ್ಕಿಂತ ಬೈಸಿಕೊಳ್ಳುವುದೇ ವಾಸಿಯಾಗಿತ್ತು. ಆಮೇಲೆ ನನ್ನ ಸರಕಿನಲ್ಲಿ ಒಂದನ್ನು ಎತ್ತಿ ತಿರುಗಿಸಿದರು.

“ಇದು ಕುರಿಯಾ ಯೋಗಣ್ಣ? ಬೊಗಳಂಗದೆ.”

ಅದನ್ನು ಪಕ್ಕಕ್ಕಿಟ್ಟು, ಸಂಡಿಗೆ ಉಳಿದಿದೆಯಾ, ಬೆಳ್ಳಗೆ ಅರಳಿದ್ದವಾ ಎಂದು ಕೇಳಿದರು. ತೇಜಸ್ವಿನಿ ತಟ್ಟೆ ತಂದಳು. ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿದರು. ಆ ನೋಟ ನನಗೆ ಗೊತ್ತು, ನಾನೂ ಸರಕನ್ನು ಹಾಗೇ ನೋಡುತ್ತೇನೆ. ಆದರೆ ನಾನು ನೋಡುವುದು ಇದು ಎಷ್ಟಕ್ಕೆ ಹೋಗುತ್ತದೆ ಎಂದು. ಅವರು ನೋಡುತ್ತಿದ್ದದ್ದು ಇದು ಏನಾಗುತ್ತದೆ ಎಂದು.

“ತೇಜು, ಒಂದಿಷ್ಟು ಲವಂಗ ತಗಂಬಾವ್ವ. ಯೋಗಣ್ಣ, ನೀವು ಬೆಂಕಿಕಡ್ಡಿ ತಲೆ ಮುರೀರಿ. ಅದೊಂದು ಕೆಡಿಸದಂಗೆ ಮಾಡಿ.”

ಮುರಿದೆ. ಕರಿದ ಸಂಡಿಗೆಗೆ ಕಡ್ಡಿ ಚುಚ್ಚಿದರೆ ಒಡೆಯುತ್ತದೆಂದು ಮೇಣದಬತ್ತಿಯ ಹನಿಯಲ್ಲಿ ಕಡ್ಡಿಗಳನ್ನು ಅಂಟಿಸಿದರು. ಮುಂದಕ್ಕೊಂದು ಲವಂಗವಿಟ್ಟರು. ಅಷ್ಟೇ! ಸುರುಳಿ ಸುರುಳಿಯಾಗಿ ಅರಳಿದ್ದ ಅರಳು ಉಣ್ಣೆಯಾಯಿತು, ಲವಂಗದ ಮೊಗ್ಗು ಮೂತಿಯಾಯಿತು. ನೇರಕ್ಕೆ ಮುಖ ಮಾಡಿದ್ದ ಒಂದು ಕುರಿ ನನ್ನನ್ನೇ ನೋಡಿತು. ಇವನೇ ತಿಂದವನು ಎಂದು ಗುರುತಿಸಿದ ಹಾಗೆ. ಐದೂವರೆಯ ಹೊತ್ತಿಗೆ ಹನ್ನೆರಡೂ ರಾಗಿ ಪೈರಿನ ನಡುವೆ ನಿಂತಿದ್ದವು. ಒಂದು ಮೇಯುತ್ತಿತ್ತು, ಒಂದು ಬೆಳ್ಳಿಹೊಳೆಗೆ ಬಗ್ಗಿತ್ತು, ಒಂದು ಕೊಟ್ಟಿಗೆಯ ಬಾಗಿಲಲ್ಲಿ ಒಳಗೆ ಹೋಗಲೋ ಬೇಡವೋ ಎಂದು ನಿಂತಿತ್ತು. ನನ್ನ ಬಾಯಿ ತೆರೆದೇ ಇತ್ತು. ಈ ಸಲ ತೇಜಸ್ವಿನಿ ಮುಚ್ಚಿಸಲಿಲ್ಲ, ಅವಳದೂ ತೆರೆದಿತ್ತು.

ಆರಕ್ಕೆ ಹಾಡುವವರು ಬಂದರು. ಗುಂಪಿನ ಮುಂದಾಳು ಏಂಜೆಲಿನ್ ಮಂಡಿಯೂರಿ ನೋಡಿ, ಈ ಸಲದ ಕುರಿ ಯಾವ ಅಂಗಡಿಯದು ಅಜ್ಜಿ ಎಂದು ಕೇಳಿದಳು. ಅಂಗಡಿ ಎಂಬ ಮಾತು ಕಿವಿಗೆ ಬಿದ್ದದ್ದೇ ಅಭ್ಯಾಸಬಲದಿಂದ ನಾನು ಒಂದು ಹೆಜ್ಜೆ ಮುಂದೆ ಬಂದೆ.

“ಯೋಗಣ್ಣನ ಅಂಗಡೀದಲ್ಲ ಕಣವ್ವ, ಯೋಗಣ್ಣನ ಬಾಣಲೇದು,” ಎಂದರು ಇನ್ನಾಸಮ್ಮನವರು.

ಎಲ್ಲರೂ ಹೋದ ಮೇಲೆ ನಾನು ಏನು ಕೊಟ್ಟರೆ ಸರಿಹೋದೀತು ಎಂದು ಕೇಳಿದೆ. ಕುರಿ ತಿಂದವರು ಕುರಿಯನ್ನೇ ಕೊಡಬೇಕು, ಅಂಗಡಿಯದಲ್ಲ, ಕೈಯಲ್ಲಿ ಮಾಡಿದ್ದು ಎಂದರು.

ಹಾಗಾಗಿ ಈ ವರ್ಷ ನವೆಂಬರಿನಿಂದಲೇ ನಾನು ಪೇಪರು, ಮೆಂತ್ಯ ರುಬ್ಬಿಕೊಂಡು ಕೂತಿದ್ದೇನೆ. ನಾಲ್ಕು ದಿನ ತಿದ್ದಿ ಮೊದಲನೆಯದನ್ನು ಮುಗಿಸಿದೆ. ತೇಜಸ್ವಿನಿ ಸುತ್ತಲೂ ತಿರುಗಿ ನೋಡಿ, ಆಮೆ ಚೆನ್ನಾಗಿ ಬಂದಿದೆ ಎಂದಳು. ಇನ್ನಾಸಮ್ಮನವರು ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡು, ಅರ್ಧ ಕಟ್ಟಿದ್ದ ಗೋದಲಿಯ ಹೊಳೆಯ ದಡದಲ್ಲಿಟ್ಟರು.

ಅವರಿಗೆ ನಾನಿನ್ನೂ ಹನ್ನೆರಡು ಕುರಿ ಕೊಡಬೇಕು.