ವೈ ತಗೊಂಡು ಬನ್ನಿ

ನಮ್ಮ ಅತ್ತಿಗೆಗೆ ಗಂಡಸರೆಂದರೆ ಪ್ರಾಣ! ಗಾಬರಿಯಾಗಬೇಡಿ, ಇಡೀ ಗಂಡಸು ಅವರಿಗೆ ಬೇಡ. ಅವನೊಳಗಿನ ವೈ ಕ್ರೋಮೋಸೋಮು ಸಿಕ್ಕರೆ ಸಾಕು. ಅಪ್ಪನಿಂದ ಮಗನಿಗೆ ಮಾತ್ರ ದಾಟುವ ಆ ಚೋಟುದ್ದದ ವಸ್ತುವನ್ನು ಶಿಕಾಗೋದ ಲ್ಯಾಬೊಂದರಲ್ಲಿ ಕೂತು ಓದುವುದೇ ಅವರ ಕೆಲಸ. ನನ್ನ ಹೆಂಡತಿಯ ಅಕ್ಕ, ಮದುವೆಯಾಗಿಲ್ಲ, ಆಗುವ ಪುರುಸೊತ್ತೂ ಇಲ್ಲ. ಚಿಂಪಾಂಜಿಯ ವೈಗೂ ಮನುಷ್ಯನ ವೈಗೂ ಬಹಳ ವ್ಯತ್ಯಾಸವಿದೆಯಂತೆ. ನಾನು ಎದುರಿಗಿದ್ದಾಗ ಮಾತ್ರ ಈ ಮಾತನ್ನು ಸ್ವಲ್ಪ ಅನುಮಾನದಿಂದಲೇ ಹೇಳುತ್ತಾರೆ.

ಒಮ್ಮೆ ಯುಗಾದಿಗೆಂದು, ಶಿಕಾಗೋದಿಂದ ಕಾರಿನಲ್ಲಿ ನಾಲ್ಕೈದು ಗಂಟೆ ದಾರಿಯ ವಿಕ್ಸಮ್‌ನ ನಮ್ಮ ಮನೆಗೆ ಬಂದಿದ್ದರು. ಹತ್ತಿರದ ಊರು ಸೌತ್‌ಫೀಲ್ಡಿನಲ್ಲಿ ಕನ್ನಡಿಗರ ಹಬ್ಬದ ಊಟವಿತ್ತು. ಅತ್ತಿಗೆ ಬಾಗಿಲಲ್ಲೇ ಮೇಜು ಹಾಕಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡು, ಗಂಡಸರ ಕೆನ್ನೆಯೊಳಗೆ ಹತ್ತಿಯ ಕಡ್ಡಿ ತಿರುಗಿಸತೊಡಗಿದರು. ಅರ್ಧ ಗಂಟೆ ಯಾರೂ ಏನೂ ತಿಂದಿರಬಾರದು ಎಂಬ ಕಟ್ಟಪ್ಪಣೆ ಬೇರೆ! ಒಳಗಿನಿಂದ ಪುಳಿಯೋಗರೆಯ ಘಮ.

"ಮೇಡಂ, ಹೊಟ್ಟಿ ಭಾಳ ಹಸದೈತ್ರೀ," ಎಂದರು ಧಾರವಾಡದ ಹಿರಿಯರೊಬ್ಬರು.

"ಅಂಕಲ್, ಈ ವೈ ಎಷ್ಟೋ ಲಕ್ಷ ವರ್ಷದಿಂದ ನಡ್ಕೊಂಡು ಬಂದಿದೆ. ನೀವು ಹತ್ತು ನಿಮಿಷ ನಿಲ್ಲೋಕಾಗಲ್ವಾ?"

ಅಂಕಲ್ ನಿಂತರು. ನಾನೂ ಎದೆಯುಬ್ಬಿಸಿ ಬಾಯಿ ತೆರೆದೆ. ಮಾರನೆಯ ದಿನದಿಂದ ಆಫೀಸಿನಲ್ಲಿ, ನನ್ನ ವೈ ಶಿಕಾಗೋದಲ್ಲಿ ಸಂಶೋಧನೆಗೆ ಹೋಗಿದೆ ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದೆ. ನನ್ನಿಂದ ಇಲ್ಲಿಯವರೆಗೆ ಏನಾದರೂ ಶಿಕಾಗೋ ಮುಟ್ಟಿದ್ದರೆ ಅದೊಂದೇ! ಕೆಲವು ತಿಂಗಳ ಮೇಲೆ ತಡೆಯಲಾರದೆ ಫೋನ್ ಮಾಡಿದೆ.

"ಅತ್ತಿಗೆ, ನನ್ನದರಲ್ಲಿ ಏನಾದ್ರೂ ವಿಶೇಷ ಕಾಣಿಸ್ತಾ?"

"ಕಾಣಿಸ್ತು. ಒಬ್ಬಟ್ಟು. ಕದ್ದು ತಿಂದಿದ್ರಿ ಅಲ್ವಾ? ಸ್ಯಾಂಪಲ್ ಅವತ್ತೇ ಬಿಸಾಕಿದೆ."

ಸೇಡು ತೀರಿಸಿಕೊಳ್ಳಲು ನಾನು ಬಹಳ ದಿನ ಹೊಂಚು ಹಾಕಿದೆ. ವೈ ಕ್ರೋಮೋಸೋಮು ಜೀನುಗಳನ್ನು ಕಳೆದುಕೊಳ್ಳುತ್ತಾ ಸವೆದುಹೋಗುತ್ತಿದೆ, ಒಂದು ದಿನ ಮಾಯವಾದೀತು ಎಂದು ಎಲ್ಲೋ ಓದಿದ್ದೇ ತಡ, ನಿಮ್ಮ ಕೆಲಸಕ್ಕೇ ಸಂಚಕಾರ ಬಂತಲ್ಲ ಎಂದು ಕೆಣಕಿದೆ. ಅತ್ತಿಗೆಗೆ ಉರಿದುಹೋಯಿತು.

"ಕಳ್ಕೊಂಡಿದ್ದು ನಿಜ. ಆದ್ರೆ ಅದೆಲ್ಲ ಹಳೇ ಕಥೆ. ಜೊತೆಗೆ ಜೋಡಿ ಇಲ್ದೇ ಇದ್ರೂ ತನ್ನೊಳಗೇ ಒಂದೊಂದು ನಕಲು ಇಟ್ಕೊಂಡು, ಕೆಟ್ಟಿದ್ದನ್ನ ತಾನೇ ರಿಪೇರಿ ಮಾಡ್ಕೊಳ್ಳತ್ತೆ. ನೀವು? ಕಾರಿನ ಕೀ ಎಲ್ಲಿಟ್ಟೆ ಅಂತ ಹೆಂಡ್ತೀನ ಕೇಳ್ತೀರಿ!"

ಕೀ ಆಗಲೂ ಸಿಕ್ಕಿರಲಿಲ್ಲ.

ಇಂಥವರು ಈ ವರ್ಷ ತಾವಾಗಿಯೇ ನನಗೆ ಫೋನ್ ಮಾಡಿದರು. ನನ್ನ ಮಾವನವರು ಮೈಸೂರಿನಲ್ಲಿ ತೀರಿಕೊಂಡು ವರ್ಷವಾಗಿತ್ತು. ತಿಥಿಯನ್ನು ತಾನೇ ಮಾಡುತ್ತೇನೆಂದು ಅತ್ತಿಗೆ ಪುರೋಹಿತರನ್ನು ಕೇಳಿದ್ದರಂತೆ. ಹೆಣ್ಣುಮಕ್ಕಳು ಮಾಡುವ ಹಾಗಿಲ್ಲಮ್ಮ, ಅಳಿಯಂದಿರಿದ್ದಾರಲ್ಲ ಎಂದರಂತೆ ಅವರು.

"ಬೇಕಾಗಿರೋ ಅರ್ಹತೆ ಒಂದು ವೈ ಅಷ್ಟೇ," ಎಂದು ಅತ್ತಿಗೆ ನಕ್ಕರು. "ನಿಮ್ಮ ಹತ್ರ ಇದೆಯಲ್ಲ, ತಗೊಂಡು ಬನ್ನಿ."

ವೈಯನ್ನೂ ಹೆಂಡತಿಯನ್ನೂ ಕಾರಿನಲ್ಲಿ ಕೂರಿಸಿಕೊಂಡು ಶಿಕಾಗೋಗೆ ಹೊರಟೆ. ಅತ್ತಿಗೆ ನಮ್ಮ ದೇಶದ ಅಂಗಡಿಗಳ ಸಾಲಿರುವ ಡೆವನ್ ಅವೆನ್ಯೂಗೆ ಹೋಗಿ ಕಪ್ಪು ಎಳ್ಳು, ದರ್ಭೆ, ಜೊತೆಗೆ ನನಗೊಂದು ಜನಿವಾರವನ್ನೂ ತಂದಿಟ್ಟಿದ್ದರು. ನನ್ನ ಮೈಮೇಲೆ ಅದು ಇರುವುದಿಲ್ಲವೆಂದು ಊಹಿಸಲು ಯಾವ ಲ್ಯಾಬು ಬೇಕು ಹೇಳಿ! ಹೆಂಡತಿ ಅಡುಗೆಮನೆಯಲ್ಲಿ ವಡೆಗೆ ರುಬ್ಬುತ್ತಿದ್ದಳು. ಮೈಸೂರಿನ ಪುರೋಹಿತರು ಐಪ್ಯಾಡಿನೊಳಗೆ ಆಕಳಿಸುತ್ತಿದ್ದರು. ಎಡಕ್ಕೆ ಎಂದರೆ ನಾನು ಜನಿವಾರವನ್ನು ಬಲಕ್ಕೆ ಹಾಕಿಕೊಂಡೆ. ನೀರು ಬಿಡಿ ಎಂದರೆ ಎಳ್ಳು ಬಿಟ್ಟೆ. ಮಾವನವರ ಅಪ್ಪನ ಹೆಸರು, ತಾತನ ಹೆಸರು ಎಂದು ಕೇಳಿದಾಗ ಕಣ್‌ಕಣ್ ಬಿಟ್ಟೆ. ಐಪ್ಯಾಡಿಗೆ ಕಾಣದಂತೆ ಸ್ವಲ್ಪ ದೂರದಲ್ಲಿ ಕೂತಿದ್ದ ಅತ್ತಿಗೆ ಒಂದೊಂದೇ ಹೆಸರನ್ನು ಪಿಸುಗುಟ್ಟಿದರು.

ಪುರೋಹಿತರು ನೀರು ಕುಡಿದು ಬರುತ್ತೇನೆಂದು ಎದ್ದುಹೋದರು. ಅತ್ತಿಗೆ ಎಳ್ಳಿನ ಬಟ್ಟಲನ್ನೇ ನೋಡುತ್ತಿದ್ದರು.

"ಲ್ಯಾಬಿನ ಫ್ರೀಜರ್‌ನಲ್ಲಿ ಎಷ್ಟೊಂದು ಜನರದ್ದಿದೆ. ಅಪ್ಪಂದಿಲ್ಲ," ಎಂದರು. "ಊರಿಗೆ ಹೋದಾಗೆಲ್ಲ ಕಡ್ಡಿ ತಗೊಂಡೇ ಹೋಗ್ತಿದ್ದೆ. ಕೇಳೋಕೆ ಆಗ್ಲಿಲ್ಲ. ಯಾತಕ್ಕೆ ಅಂತ ಕೇಳಿದ್ರೆ, ಇದು ಮಗನಿಗೆ ಮಾತ್ರ ಹೋಗೋದು ಅಂತ ಹೇಳ್ಬೇಕಿತ್ತಲ್ಲ. ನಮ್ಮಿಬ್ಬರನ್ನ ಬೆಳೆಸಿದಷ್ಟು ವರ್ಷದಲ್ಲಿ ಒಂದು ದಿನಾನೂ ಅವರು ಮಗ ಇಲ್ಲ ಅಂದವರಲ್ಲ. ನಾನ್ಯಾಕೆ ನೆನಪು ಮಾಡ್ಲಿ?"

ಆ ಮನುಷ್ಯನಿಗೆ ನೀರು ಬಿಡಲು ನಾನು ಯಾರು? ಬೆರಳಿನಿಂದ ದರ್ಭೆಯ ಪವಿತ್ರ ತೆಗೆದು ಅತ್ತಿಗೆಯ ಕೈಗಿಟ್ಟೆ. ಐಪ್ಯಾಡನ್ನು ಬೋರಲು ಮಲಗಿಸಿದೆ.

"ಯಜಮಾನರೇ, ಕತ್ತಲೆ ಆಯ್ತಲ್ಲ?" ಎಂದಿತು ಒಳಗಿನ ಧ್ವನಿ.

"ಇಲ್ಲಿ ಕ್ಯಾಮೆರಾ ಸರಿಯಿಲ್ಲ ಸ್ವಾಮಿ. ನೀವು ಮಂತ್ರ ಹೇಳಿ."

ನಾನು ನನ್ನ ಗಡಸು ಗಂಟಲಲ್ಲಿ ತಪ್ಪುತಪ್ಪಾಗಿ ಮಂತ್ರ ಒಪ್ಪಿಸುತ್ತಾ ಹೋದೆ. ಅತ್ತಿಗೆ ಎಳ್ಳುನೀರು ಬಿಡುತ್ತಾ ಹೋದರು. ಎರಡನೆಯ ಸಲ ಅವರಪ್ಪನ ಹೆಸರು ಬಂದಾಗ ಅವರಿಗೆ ತಡೆಯಲಾಗಲಿಲ್ಲ, ಜೋರಾಗಿಯೇ ಬಿಕ್ಕಿದರು.

ಮಂತ್ರ ನಿಂತಿತು.

"ಅಳಬೇಡಿ ಯಜಮಾನರೇ," ಎಂದರು ಪುರೋಹಿತರು ಮೆಲ್ಲಗೆ. "ಮಾವನಿಗೋಸ್ಕರ ಹೀಗೆ ಅಳೋ ಅಳಿಯನ್ನ ನಾನು ಕಂಡೇ ಇಲ್ಲ."

"ಏನ್ ಮಾಡೋದು ಸ್ವಾಮಿ," ಎಂದೆ, "ತಡ್ಕೊಳ್ಳೋಕೆ ಆಗ್ತಿಲ್ಲ."

ಅತ್ತಿಗೆ ಕಣ್ಣೊರೆಸಿಕೊಂಡು ಇನ್ನೊಂದು ಸಲ ಎಳ್ಳು ತೆಗೆದುಕೊಂಡರು.